ಪಾಲು ಕೊಡಬಹುದಿತ್ತಲ್ಲ?

ಗುಜರಾತಿನ ಆನಂದ್‌ನಲ್ಲಿ ನೆಲೆಸಿ ಹದಿನಾಲ್ಕು ವರ್ಷವಾಯಿತು. ಒಂದು ಭಾನುವಾರ ಮನೆಯಲ್ಲಿ ‘ಕಸ್ತೂರಿ ನಿವಾಸ’ ನೋಡುತ್ತಿದ್ದೆ. ಪಕ್ಕದ ಮನೆಯ ಗೆಳೆಯ, ಪೈಪು, ನಲ್ಲಿ ಮಾರುವ ಅಂಗಡಿಯವನು, ಚಹಾ ಕುಡಿಯಲು ಬಂದವನು ಕುಳಿತುಬಿಟ್ಟ. ನಾನು ಸಾಲು ಸಾಲಾಗಿ ಹಿಂದಿಯಲ್ಲಿ ಹೇಳುತ್ತಾ ಹೋದೆ. ರಾಜ್‌ಕುಮಾರ್ ಬೆಂಕಿಪೊಟ್ಟಣ ಕಾರ್ಖಾನೆಯ ಒಡೆಯ. ಅವರ ನೌಕರ ಖರ್ಚು ತಗ್ಗಿಸುವ ದಾರಿ ಕಂಡುಹಿಡಿದು ಲಾಭದಲ್ಲಿ ಪಾಲು ಕೇಳುತ್ತಾನೆ. ಒಡೆಯ ಒಪ್ಪುವುದಿಲ್ಲ. ನೌಕರ ಹೊರಬಿದ್ದು ಎದುರಾಳಿಯಾಗುತ್ತಾನೆ, ಒಡೆಯ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ನನ್ನ ಕಣ್ಣು ಆಗಲೇ ಒದ್ದೆ. ಗೆಳೆಯ ಬಟ್ಟಲು ಕೆಳಗಿಟ್ಟು, “ಪಾಲು ಕೊಟ್ಟು ಇಟ್ಟುಕೊಳ್ಳಬಹುದಿತ್ತಲ್ಲ, ಭಾಯ್?” ಎಂದ.

ಮೊದಲು ಸಿಟ್ಟು ಬಂತು. 1971ರಿಂದ ಅಳುತ್ತಾ ಬಂದವರು ನಾವು, ಇವನಿಗೇನು ಗೊತ್ತು? ರಾತ್ರಿ ಮಲಗಿದಾಗ ಮಾತ್ರ, ಹೌದಲ್ಲ, ನಮ್ಮ ಮಂಡ್ಯದಲ್ಲಿ ಈ ಪ್ರಶ್ನೆ ಕೇಳಿದವರನ್ನು ನಾನು ಕಂಡೇ ಇಲ್ಲ ಅನ್ನಿಸಿತು.

ನಮ್ಮ ಸಿನಿಮಾದಲ್ಲಿ ಹಣ ಎರಡೇ ಬಾಗಿಲಿನಿಂದ ಬರುತ್ತದೆ. ತಾತನ ಕಾಲದಿಂದ ಬಂದಿದ್ದರೆ ನಾಯಕ ದಾನ ಮಾಡಿ ಮುಗಿಸಬೇಕು; ಸುಲಿಗೆಯಿಂದ ಬಂದಿದ್ದರೆ ಸಾಹುಕಾರ ಕೊನೆಯ ದೃಶ್ಯದಲ್ಲಿ ಒದೆ ತಿನ್ನಬೇಕು. ಕೊಂಡದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. 1972ರ ‘ಬಂಗಾರದ ಮನುಷ್ಯ’ ಒಂದಿಷ್ಟು ಬೇರೆ. ಅಲ್ಲಿ ರಾಜೀವ ಕಲ್ಲುನೆಲ ಒಡೆದು ಹೊಲ ಮಾಡುವುದನ್ನು ಕಣ್ಣಾರೆ ಕಾಣುತ್ತೇವೆ. ಆದರೆ ಅವನೂ ಕೊನೆಗೆ ಒಂದು ಮಾತಿನ ಪೆಟ್ಟಿಗೆ ಎಲ್ಲವನ್ನೂ ಬಿಟ್ಟು ನಡೆದುಬಿಡುತ್ತಾನೆ. ಗಳಿಸಿದವನು ಮನೆಯಲ್ಲೇ ಉಳಿದು ಊಟ ಮಾಡಿದರೆ ನಮಗೆ ಏನೋ ಇರಿಸುಮುರಿಸು.

ನಮ್ಮ ದೊಡ್ಡಪ್ಪ ಆಲೆಮನೆ ನಡೆಸುತ್ತಿದ್ದರು. ಬೆಳಗಿನ ಜಾವ ಗಾಣ ಶುರುವಾದರೆ ಕೊಪ್ಪರಿಗೆ ಇಳಿಸುವವರೆಗೂ ಅವರ ತಲೆಯಲ್ಲಿ ಲೆಕ್ಕ ನಿಲ್ಲುತ್ತಿರಲಿಲ್ಲ. ಟನ್ ಕಬ್ಬಿಗೆ ಬೆಲ್ಲ ಎಷ್ಟು ಬಿತ್ತು, ಸಿಪ್ಪೆ ಒಣಗದೆ ಸೌದೆಗೆ ಎಷ್ಟು ಹೋಯಿತು, ಆಳುಗಳಿಗೆ ಎಷ್ಟು, ಅಚ್ಚು ಹಾಕಿಸಿದರೆ ಲಾಭವೋ ಬಕೆಟ್ ಬೆಲ್ಲವೋ. ಪಾಕ ಒಂದು ಗಳಿಗೆ ಹೆಚ್ಚಾದರೆ ಬಣ್ಣ ಕಪ್ಪಾಗಿ ಮಂಡಿಯಲ್ಲಿ ದರ ಬಿದ್ದುಹೋಗುತ್ತಿತ್ತು. ಇದಕ್ಕಿಂತ ಎದೆ ಹೊಡೆದುಕೊಳ್ಳುವ ದೃಶ್ಯ ಬೇಕೆ? ನಮ್ಮ ಸಿನಿಮಾದವರಿಗೆ ಕಬ್ಬಿನ ಗದ್ದೆ ಬೇಕಾಗುವುದು ಹಾಡಿಗೆ, ಇಲ್ಲವೇ ಹೊಡೆದಾಟಕ್ಕೆ. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದದ್ದು, ಅದರ ಹಿಂದೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ಕೃಷಿ ವಿಜ್ಞಾನಿ ನಿಂತದ್ದು, ಕಾಲುವೆ ನೀರು ಕಂಡ ಊರುಗಳ ಬದುಕೇ ಮಗುಚಿಕೊಂಡದ್ದು, ಇದೆಲ್ಲ ಒಂದು ಚಿತ್ರಕ್ಕೆ ಸಾಲದೆ?

ಹಾಗೆಂದು ಸಿನಿಮಾದ ಆ ಸಾಹುಕಾರ ಸುಳ್ಳು ಎನ್ನಲಾರೆ. ದೊಡ್ಡಪ್ಪ ದಲ್ಲಾಳಿಯಿಂದ ಮುಂಗಡ ಪಡೆದು, ಅದೇ ಅಂಗಡಿಗೇ ಬೆಲ್ಲ ಹಾಕಿ, ಅವನು ಹೇಳಿದ ದರಕ್ಕೆ ತಲೆಯಾಡಿಸಿ ಬರುತ್ತಿದ್ದರು. ಸಾಲ ತೀರುವ ಮೊದಲೇ ಮುಂದಿನ ಮುಂಗಡ. ತೆರೆಯ ಮೇಲೆ ಜರಿಪೇಟದವನಿಗೆ ಏಟು ಬಿದ್ದಾಗ ಅವರು ಶಿಳ್ಳೆ ಹೊಡೆದದ್ದರಲ್ಲಿ ತಪ್ಪೇನಿದೆ? ಇಲ್ಲಿನವರ ರೀತಿಯೂ ಎಲ್ಲವೂ ನನಗೆ ಒಗ್ಗಿಲ್ಲ. ಸಾವಿನ ಮನೆಯಲ್ಲೂ ಜಮೀನಿನ ದರ ವಿಚಾರಿಸುವವರನ್ನು ನೋಡಿದ್ದೇನೆ.

ಆದರೆ ಇದೇ ಜನ ಲೆಕ್ಕವನ್ನೇ ಕತೆ ಮಾಡಿದ ಚಿತ್ರವೊಂದಕ್ಕೆ ಹಣ ಹಾಕಿದರು. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಹಳ್ಳಿಗೆ ಬಂದು ಸಹಕಾರ ಸಂಘ ಕಟ್ಟಲು ಹೊರಡುವ ಪಶುವೈದ್ಯನಾಗಿ ನಟಿಸಿದ್ದು ನಮ್ಮ ಗಿರೀಶ ಕಾರ್ನಾಡರು. ಅಲ್ಲೂ ಸುಲಿಯುವವನು ಒಬ್ಬನಿದ್ದಾನೆ, ಖಾಸಗಿ ಡೇರಿಯವನು. ಅವನಿಗೆ ಉತ್ತರ ಮುಷ್ಟಿಯಲ್ಲ, ಹಾಲಿನ ಕೊಬ್ಬು ಅಳೆಯುವ ಗಾಜಿನ ಕೊಳವೆ.

ಹೋದ ಬಾರಿ ಊರಿಗೆ ಹೋದಾಗ ಚಿಕ್ಕಮ್ಮನಿಗೆ ಮೊಬೈಲಿನಲ್ಲಿ ಅದನ್ನು ತೋರಿಸಿದೆ. ಎರಡು ಹಸು ಸಾಕಿ ದಿನವೂ ಡೇರಿಗೆ ಹಾಲು ಹಾಕುವವರು. ಹಿಂದಿ ಒಂದಕ್ಷರ ಬಾರದು. ಹಾಲು ಪರೀಕ್ಷಿಸುವ ದೃಶ್ಯ ಬಂದ ಕೂಡಲೇ ಕನ್ನಡಕ ಹಾಕಿಕೊಂಡು ಹತ್ತಿರಕ್ಕೆ ಬಂದರು.

“ಫ್ಯಾಟು ಎಷ್ಟು ಬಂತಂತೋ?” ಎಂದರು.