ಎರಡು ಹೊತ್ತಿನ ಊಟ, ತೂಕ ಮಾಡಿದ ಊಟ

ನಮ್ಮ ಬೀದಿಗೆ ಹೊಸದಾಗಿ ಬಂದಿರುವ ದಂಪತಿ ಕಳೆದ ವಾರ ಲ್ಯಾಬ್ರಡಾರ್ ಮರಿಯೊಂದನ್ನು ಎತ್ತಿಕೊಂಡು ಮನೆಗೆ ಬಂದಿದ್ದರು. "ಇದಕ್ಕೆ ದಿನಕ್ಕೆ ಎಷ್ಟು ಸಲ ಊಟ ಹಾಕ್ಬೇಕು ಸರ್? ಒಬ್ಬೊಬ್ರು ಒಂದೊಂದು ಹೇಳ್ತಾರೆ" ಎಂದು ಕೇಳಿದರು. ಆಹಾರ ಮಾರುವ ಅಂಗಡಿಯವರು ಬಟ್ಟಲು ಸದಾ ತುಂಬಿರಲಿ ಎಂದಿದ್ದರಂತೆ. ಊರಿನಲ್ಲಿರುವ ಅಜ್ಜಿ, ರಾತ್ರಿ ಒಂದು ಹೊತ್ತು ಹಾಕಿದರೆ ಸಾಕು, ನಾಯಿಗೇನು ಮೂರು ಹೊತ್ತು ಎಂದಿದ್ದರಂತೆ. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ನಾನು ಪಶುವೈದ್ಯನಲ್ಲ. ಬಹಳ ವರ್ಷಗಳಿಂದ ನಾಯಿ ಸಾಕುತ್ತಾ ಬಂದವನು, ಅದರಲ್ಲಿ ಒಂದು ನಾಯಿಗೆ ಉಣಿಸುವುದರಲ್ಲೇ ತಪ್ಪು ಮಾಡಿ ಅದನ್ನು ತಿದ್ದಿಕೊಂಡವನು.

ಅಜ್ಜಿಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅರಸೀಕೆರೆ ಕಡೆಯ ನಮ್ಮ ಹಳ್ಳಿಮನೆಯಲ್ಲೂ ನಾಯಿಗೆ ಒಂದೇ ಹೊತ್ತಿನ ಊಟವಿತ್ತು. ರಾತ್ರಿ ಎಲ್ಲರೂ ಉಂಡ ಮೇಲೆ ಅವ್ವ ಉಳಿದ ರಾಗಿ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಹಿತ್ತಿಲ ಕಟ್ಟೆಯ ಮೇಲಿದ್ದ ಹಳೆಯ ಅಲ್ಯೂಮಿನಿಯಂ ಬೋಗುಣಿಗೆ ಸುರಿಯುತ್ತಿದ್ದಳು. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿಗೆ ಇಂಥ ಪಿಷ್ಟದ ಆಹಾರವನ್ನು ತೋಳಕ್ಕಿಂತ ಚೆನ್ನಾಗಿ ಅರಗಿಸಿಕೊಳ್ಳುವ ಗುಣ ವಂಶವಾಹಿಯಲ್ಲೇ ಬಂದಿದೆ ಎಂಬುದನ್ನು 2013 ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ, ಹಾಗಾಗಿ ಮುದ್ದೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ನಾಯಿ ಹಗಲೆಲ್ಲ ತೋಟ, ಹೊಲ ಸುತ್ತುತ್ತಿತ್ತು, ಹೆಗ್ಗಣ ಹಿಡಿಯುತ್ತಿತ್ತು, ನಾಲ್ಕು ಮನೆಯ ಹಿತ್ತಿಲಿಗೆ ಹೋಗಿ ಬರುತ್ತಿತ್ತು. ಒಂದು ಹೊತ್ತು ಎಂಬುದು ನಾವು ಹಾಕುತ್ತಿದ್ದ ಊಟದ ಲೆಕ್ಕವೇ ಹೊರತು ಅದು ತಿನ್ನುತ್ತಿದ್ದ ಊಟದ ಲೆಕ್ಕವಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ ಹಗ್ಗ ಹಿಡಿದು ನಡೆಸಿ, ಉಳಿದ ಹೊತ್ತೆಲ್ಲ ಟೈಲ್ಸ್ ನೆಲದ ಮೇಲೆ ಮಲಗಿಸುವ ಮೈಸೂರಿನ ನಾಯಿಗೆ ಆ ಪದ್ಧತಿಯನ್ನು ಹಾಗೆಯೇ ತಂದು ಹಾಕುವುದು ಸರಿಯಲ್ಲ.

ಒಂದೇ ಹೊತ್ತಿನ ಪರವಾಗಿ ಈಚೆಗೆ ವಿಜ್ಞಾನದ ಕಡೆಯಿಂದಲೂ ಒಂದು ಮಾತು ಬಂದಿದೆ. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್‌ನವರು 24,000 ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಮಾಲೀಕರಿಂದ ಪಡೆದು 2022 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಮ್ಮೆ ಮಾತ್ರ ಊಟ ಮಾಡುವ ನಾಯಿಗಳ ಬುದ್ಧಿ ಚುರುಕಾಗಿರುವುದೂ ಹಲ್ಲು, ಮೂಳೆ, ಜೀರ್ಣಾಂಗ, ಮೂತ್ರಪಿಂಡಗಳ ತೊಂದರೆ ಕಡಿಮೆ ಇರುವುದೂ ಕಂಡುಬಂದಿತು. ಇದನ್ನು ಓದಿ ಮರುದಿನವೇ ಬೆಳಗಿನ ಊಟ ನಿಲ್ಲಿಸಿದವರನ್ನು ನಾನು ಬಲ್ಲೆ. ಆದರೆ ಆ ಅಧ್ಯಯನ ಒಂದು ಹೊತ್ತು ಉಣಿಸಿದ್ದರಿಂದಲೇ ನಾಯಿ ಆರೋಗ್ಯವಾಗಿದೆ ಎಂದು ಹೇಳುವುದಿಲ್ಲ, ಎರಡೂ ಜೊತೆಯಾಗಿ ಕಂಡಿವೆ ಎಂದಷ್ಟೇ ಹೇಳುತ್ತದೆ. ಕಾಯಿಲೆಯ ನಾಯಿಗೆ ಮಾತ್ರೆಯನ್ನು ಊಟದ ಜೊತೆ ಕೊಡಬೇಕೆಂದು ಎರಡು ಮೂರು ಬಾರಿ ಉಣಿಸುವ ಮನೆಗಳೂ ಆ ಲೆಕ್ಕದಲ್ಲಿ ಸೇರಿರಬಹುದಲ್ಲವೇ? ಅದನ್ನು ಬರೆದವರೇ ಇದರ ಆಧಾರದ ಮೇಲೆ ಊಟದ ಕ್ರಮ ಬದಲಿಸಬೇಡಿ ಎಂಬ ಎಚ್ಚರಿಕೆಯನ್ನು ಕೊಟ್ಟಿದ್ದಾರೆ.

ಒಂದೇ ಹೊತ್ತಿನ ಊಟದ ಬಗ್ಗೆ ನನಗಿರುವ ಭಯ ಬೇರೆಯದು. ಇಡೀ ದಿನದ ಆಹಾರವನ್ನು ಹಸಿದ ನಾಯಿ ಎರಡೇ ನಿಮಿಷದಲ್ಲಿ ನುಂಗಿದಾಗ ಕೆಲವು ನಾಯಿಗಳ ಹೊಟ್ಟೆಯಲ್ಲಿ ಗಾಳಿ ತುಂಬಿ ಜಠರವೇ ತಿರುಚಿಕೊಳ್ಳುತ್ತದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ಗಳಂಥ ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಇದು ಹೆಚ್ಚು. ಹೊಟ್ಟೆ ಉಬ್ಬುತ್ತದೆ, ವಾಂತಿ ಮಾಡಲು ಮತ್ತೆ ಮತ್ತೆ ಹವಣಿಸಿದರೂ ಏನೂ ಹೊರಗೆ ಬರುವುದಿಲ್ಲ, ನಿಂತಲ್ಲಿ ನಿಲ್ಲಲಾಗದೆ ಚಡಪಡಿಸುತ್ತದೆ. ಇದನ್ನು ಕಂಡ ಕೂಡಲೇ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆಗೆ ಒಯ್ಯಬೇಕು. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಅದೇ ಆಹಾರವನ್ನು ಎರಡು ಭಾಗ ಮಾಡಿ ಹಾಕುವುದು, ಊಟದ ಮೇಲೆ ಒಂದು ಗಂಟೆ ಓಡಾಡಿಸದೆ ಮಲಗಲು ಬಿಡುವುದು ಈ ಅಪಾಯವನ್ನು ತಗ್ಗಿಸುವ ಸುಲಭ ದಾರಿ. ಇನ್ನು ಕೆಲವು ನಾಯಿಗಳು ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದರೆ ಬೆಳಗಿನ ಜಾವ ಹಳದಿ ಪಿತ್ತ ಕಕ್ಕುತ್ತವೆ. ಪದೇ ಪದೇ ಹೀಗಾದರೆ ವೈದ್ಯರಿಗೆ ತೋರಿಸಬೇಕು, ಆದರೂ ಎಷ್ಟೋ ಮನೆಗಳಲ್ಲಿ ಮಲಗುವ ಮುಂಚೆ ಹಾಕಿದ ಒಂದು ಹಿಡಿ ಆಹಾರದಿಂದಲೇ ಅದು ನಿಂತಿದೆ.

ಈಗ ಗುಂಡನ ವಿಷಯ. ಗುಂಡ ನಮ್ಮ ಲ್ಯಾಬ್ರಡಾರ್. ಅವನಿಗೆ ಐದು ವರ್ಷವಾದಾಗ, ಮಹಡಿಗೆ ಒಂದೇ ಉಸಿರಿಗೆ ಹತ್ತುತ್ತಿದ್ದವನು ಮೂರನೆಯ ಮೆಟ್ಟಿಲಲ್ಲಿ ನಿಂತು ನಮ್ಮ ಮುಖ ನೋಡತೊಡಗಿದ. ವೈದ್ಯರ ಬಳಿ ತೂಕ ಮಾಡಿಸಿದರೆ 41 ಕಿಲೋ. ಅವನ ಮೈಕಟ್ಟಿಗೆ 32 ಇರಬೇಕಿತ್ತು. ವೈದ್ಯರು ನನ್ನ ಕೈಯನ್ನು ಮುಂದಕ್ಕೆ ಚಾಚಿಸಿ ಒಂದು ಪರೀಕ್ಷೆ ಕಲಿಸಿಕೊಟ್ಟರು. ಚಾಚಿದ ಕೈಯ ಹಿಂಬದಿಯನ್ನು ಸವರಿದಾಗ ಮೂಳೆ ಹೇಗೆ ತಿಳಿಯುತ್ತದೋ ನಾಯಿಯ ಪಕ್ಕೆಲುಬು ಹಾಗೆ ತಿಳಿಯಬೇಕು. ಮುಷ್ಟಿ ಹಿಡಿದಾಗಿನ ಗೆಣ್ಣಿನ ಹಾಗೆ ಎದ್ದು ತೋರಿದರೆ ನಾಯಿ ಸೊರಗಿದೆ, ಅಂಗೈಯ ಹಾಗೆ ಮೆತ್ತಗಿದ್ದು ಒತ್ತಿದರೂ ಸಿಗದಿದ್ದರೆ ಕೊಬ್ಬಿದೆ. ಗುಂಡನ ಪಕ್ಕೆ ನನ್ನ ಅಂಗೈಯ ಹಾಗೆಯೇ ಇತ್ತು.

"ನಾವು ಎರಡೇ ಹೊತ್ತು ಹಾಕೋದು ಡಾಕ್ಟ್ರೇ" ಎಂದು ನಾನು ಹೇಳಿದ್ದು ನನಗೆ ಸುಳ್ಳೆನಿಸಿರಲಿಲ್ಲ. ಅವರು ಒಂದು ವಾರ ಗುಂಡನ ಬಾಯಿಗೆ ಹೋದದ್ದೆಲ್ಲವನ್ನೂ ಬರೆದಿಡಲು ಹೇಳಿದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಹೋದಂತೆ ನಿಜ ತಿಳಿಯಿತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವ್ವನ ಕೈಯಿಂದ ನಾಲ್ಕು ಮಾರಿ ಬಿಸ್ಕತ್ತು, ಮಗ ಶಾಲೆಗೆ ಹೊರಡುವಾಗ ಅರ್ಧ ಚಪಾತಿ, ಸಂಜೆ ಮತ್ತೆ ಬಿಸ್ಕತ್ತು, ರಾತ್ರಿ ನನ್ನ ತಟ್ಟೆಯ ಕೊನೆಯ ಮೊಸರನ್ನ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲರಿ ಇರುತ್ತದೆ. ತೂಕ ಇಳಿಸಬೇಕಾದ ನಾಯಿಗೆ ವೈದ್ಯರು ಹಾಕಿಕೊಟ್ಟ ಲೆಕ್ಕ ಹೀಗಿತ್ತು: ಇರಬೇಕಾದ ತೂಕವನ್ನು 30 ರಿಂದ ಗುಣಿಸಿ 70 ಕೂಡಿಸುವುದು. ಗುಂಡನಿಗೆ ದಿನಕ್ಕೆ 1030 ಕ್ಯಾಲರಿ ಬಂತು. ಎಂಟು ಬಿಸ್ಕತ್ತಿನಲ್ಲೇ ಅದರ ಐದನೆಯ ಒಂದು ಭಾಗ ಮುಗಿಯುತ್ತಿತ್ತು. ಬಾಯಿಚಪಲದ ತಿನಿಸು ಏನೇ ಇರಲಿ, ಎಲ್ಲ ಸೇರಿ ದಿನದ ಆಹಾರದ ಶೇಕಡಾ 10 ದಾಟಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ.

ಲ್ಯಾಬ್ರಡಾರ್‌ಗಳ ಹಸಿವಿಗೆ ಇನ್ನೊಂದು ಕಾರಣವೂ ಇದೆ. ಈ ತಳಿಯ ಸುಮಾರು ನಾಲ್ಕನೆಯ ಒಂದು ಭಾಗ ನಾಯಿಗಳಲ್ಲಿ ಹಸಿವನ್ನು ನಿಯಂತ್ರಿಸುವ ವಂಶವಾಹಿಯೊಂದರ ತುಣುಕು ಬಿಟ್ಟುಹೋಗಿರುವುದನ್ನು ಕೇಂಬ್ರಿಡ್ಜ್‌ನ ಸಂಶೋಧಕರು 2016 ರಲ್ಲಿ ಗುರುತಿಸಿದರು. ಅಂಥ ನಾಯಿ ಉಂಡೆದ್ದ ಕೂಡಲೇ ಮತ್ತೆ ಬಟ್ಟಲ ಮುಂದೆ ಕೂತರೆ ಅದು ನಟನೆಯಲ್ಲ, ನಿಜವಾಗಿಯೂ ಅದಕ್ಕೆ ತೃಪ್ತಿಯಾಗಿರುವುದಿಲ್ಲ. ಕರುಣೆ ಬರುತ್ತದೆ, ಬರಬೇಕಾದದ್ದೇ. ಆದರೆ ಆ ಕರುಣೆಯನ್ನು ಬಟ್ಟಲಿಗೆ ಸುರಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಇದು ಬರಿಯ ಮಾತಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25 ಕಡಿಮೆ ಆಹಾರವನ್ನು ಬದುಕಿನುದ್ದಕ್ಕೂ ಕೊಟ್ಟು ನೋಡಿದ್ದರು. 2002 ರಲ್ಲಿ ಹೊರಬಂದ ಆ ಫಲಿತಾಂಶದ ಪ್ರಕಾರ, ಹೆಚ್ಚು ಉಂಡ ಗುಂಪಿನ ಮಧ್ಯಮ ಆಯುಷ್ಯ 11.2 ವರ್ಷ, ಕಡಿಮೆ ಉಂಡ ಗುಂಪಿನದು 13 ವರ್ಷ. ಕೀಲುನೋವೂ ಎರಡನೆಯ ಗುಂಪಿಗೆ ತಡವಾಗಿಯೇ ಬಂದಿತು. ನಾಯಿಯ ಬದುಕಿನಲ್ಲಿ ಸುಮಾರು ಎರಡು ವರ್ಷ ಎಂದರೆ ಎಷ್ಟು ಎಂಬುದು ನಾಯಿಯನ್ನು ಕಳೆದುಕೊಂಡವರಿಗೆ ಗೊತ್ತು.

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ತೂಕದ ಯಂತ್ರ ಬಂದಿದೆ. ಬೆಳಿಗ್ಗೆ ಏಳೂವರೆಗೆ 145 ಗ್ರಾಂ, ಸಂಜೆ ಏಳೂವರೆಗೆ 145 ಗ್ರಾಂ ಒಣ ಆಹಾರ. ಲೋಟದಲ್ಲಿ ಅಳೆದರೆ ಒಬ್ಬರ ಕೈಯಲ್ಲಿ ಲೋಟ ತುಂಬುತ್ತದೆ, ಇನ್ನೊಬ್ಬರ ಕೈಯಲ್ಲಿ ಗೋಪುರವಾಗುತ್ತದೆ, ಆದ್ದರಿಂದ ಗ್ರಾಮಿನ ಲೆಕ್ಕವೇ ಮೇಲು. ಉಣಿಸಿದವರು ಬಾಗಿಲಿಗೆ ತೂಗುಹಾಕಿದ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಬೇಕು. ಅವ್ವನಿಗೆ ಮೊದಮೊದಲು ಬಹಳ ಕಷ್ಟವಾಯಿತು. "ಮೂಕಪ್ರಾಣಿ ಕಣೋ, ಬಾಯಿ ಬಿಟ್ಟು ಕೇಳ್ತದಾ?" ಎಂದು ಕಣ್ಣೀರು ಹಾಕಿದಳು. ಈಗ ಅವಳ ಕೈಯಲ್ಲಿ ಬಿಸ್ಕತ್ತಿನ ಬದಲು ಸೌತೆಕಾಯಿಯ ಹೋಳು ಇರುತ್ತದೆ, ಅವನು ಅಷ್ಟೇ ಆಸೆಯಿಂದ ತಿನ್ನುತ್ತಾನೆ. ಎಂಟು ತಿಂಗಳಲ್ಲಿ ತೂಕ 33 ಕ್ಕೆ ಇಳಿಯಿತು.

ಅಂಗಡಿಯವರು ಹೇಳಿದ ಸದಾ ತುಂಬಿದ ಬಟ್ಟಲಿನ ಪದ್ಧತಿಯನ್ನು ನಾನು ಒಪ್ಪದಿರುವುದು ಬೊಜ್ಜಿನ ಕಾರಣಕ್ಕೆ ಮಾತ್ರವಲ್ಲ. ನಾಯಿಗೆ ಜ್ವರ ಬಂದಾಗಲಿ, ಉಣ್ಣಿ ಹುಳುವಿನ ಕಾಟದಿಂದ ರಕ್ತದ ಕಾಯಿಲೆ ಹತ್ತಿದಾಗಲಿ, ಮನೆಯವರ ಕಣ್ಣಿಗೆ ಮೊದಲು ಬೀಳುವುದು ಅದು ಊಟ ಬಿಟ್ಟದ್ದು. ಹೊತ್ತಿಗೆ ಸರಿಯಾಗಿ ಉಣ್ಣುವ ನಾಯಿ ಬೆಳಗಿನ ಬಟ್ಟಲನ್ನು ಮೂಸಿ ಹಿಂದೆ ಸರಿದರೆ ಆ ಕ್ಷಣವೇ ತಿಳಿಯುತ್ತದೆ. ದಿನವಿಡೀ ಬಟ್ಟಲು ತುಂಬಿರುವ ಮನೆಯಲ್ಲಿ ಅದು ಗೊತ್ತಾಗಲು ಎರಡು ದಿನ ಬೇಕು. ಹಾಕಿದ ಊಟವನ್ನು ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸದಿದ್ದರೆ ತೆಗೆದಿಡಿ. ನೀರು ಮಾತ್ರ ಸದಾ ಇರಲಿ.

ಹೊತ್ತು ತಪ್ಪದಿದ್ದರೂ ಊಟ ಒಂದೇ ಹದದಲ್ಲಿರದಿದ್ದರೆ ಪ್ರಯೋಜನವಿಲ್ಲ ಎಂಬುದಕ್ಕೆ ನಮ್ಮ ಕಡೆಯ ಭಾನುವಾರವೇ ಸಾಕ್ಷಿ. ಶನಿವಾರ ಬರಿಯ ಮೊಸರನ್ನ ತಿಂದ ನಾಯಿಗೆ ಭಾನುವಾರ ಬಾಡೂಟದ ಕೊಬ್ಬು, ಮೂಳೆ, ಮಸಾಲೆ ಎಲ್ಲವೂ ಒಟ್ಟಿಗೆ ಬೀಳುತ್ತದೆ, ಸೋಮವಾರ ವಾಂತಿ ಭೇದಿ ಎಂದು ಆಸ್ಪತ್ರೆಗೆ ಓಡಬೇಕಾಗುತ್ತದೆ. ಒಮ್ಮೆಗೇ ತಿಂದ ಅತಿ ಜಿಡ್ಡು ಮೇದೋಜೀರಕ ಗ್ರಂಥಿಯ ಉರಿಯೂತ ತರಬಲ್ಲದು, ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚಬಲ್ಲದು, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಎಲ್ಲ ನಾಯಿಗೂ ಒಂದೇ ಕಣ್ಣಳತೆ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಟಕ್ಕೆಂದೇ ಬೆಳೆದ ತಳಿ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಅದರ ಸಹಜ ಮೈಕಟ್ಟು. ಅದನ್ನು ಸಾಕಿದವರಿಗೆ "ಊಟ ಹಾಕಲ್ವಾ?" ಎಂದು ಕೇಳಿ ದಯವಿಟ್ಟು ನೋಯಿಸಬೇಡಿ. ಇನ್ನು ಸಕ್ಕರೆ ಕಾಯಿಲೆಯ ನಾಯಿಗೆ ಇನ್ಸುಲಿನ್ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ಕೊಡುವುದರಿಂದ ಊಟವೂ ಅದಕ್ಕೆ ಹೊಂದಿಕೊಂಡೇ ಇರಬೇಕು, ಅಲ್ಲಿ ವೈದ್ಯರ ಮಾತೇ ಅಂತಿಮ.

ಆ ದಂಪತಿಯ ಮರಿಗೆ ಈಗ ಒಂಬತ್ತು ವಾರ. ಇಷ್ಟು ಚಿಕ್ಕ ಹೊಟ್ಟೆಗೆ ಎರಡು ಹೊತ್ತು ಸಾಲದು. ಮೂರು ತಿಂಗಳ ತನಕ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳ ತನಕ ಮೂರು ಬಾರಿ, ಆಮೇಲೆ ಎರಡು ಬಾರಿ. ಪಾಮರೇನಿಯನ್, ಚಿವಾವಾಗಳಂಥ ಪುಟ್ಟ ಮರಿಗಳು ಹಸಿದಿದ್ದರೆ ರಕ್ತದ ಸಕ್ಕರೆ ಇಳಿದು ನಡುಗಿ ಬೀಳುವುದೂ ಉಂಟು, ಅವುಗಳಿಗೆ ಊಟ ತಪ್ಪಿಸಲೇಬಾರದು. ದೊಡ್ಡ ತಳಿಯ ಮರಿ ಬೇಗ ಬೆಳೆಯಲೆಂದು ಮೇಲಿಂದ ಮೇಲೆ ತುರುಕುವುದು, ಕ್ಯಾಲ್ಸಿಯಂ ಸುರಿಯುವುದು ಎರಡೂ ಮೂಳೆಗೆ ಕೇಡು. ಉಂಡ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಮರಿಗೆ ಹೊರಗೆ ಹೋಗಬೇಕಾಗುತ್ತದೆ, ಆದ್ದರಿಂದ ಹೊತ್ತು ಹಿಡಿದು ಉಣಿಸಿದರೆ ಮನೆಯೊಳಗೆ ಹೊಲಸು ಮಾಡುವುದೂ ಬೇಗ ತಪ್ಪುತ್ತದೆ. ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ರಾತ್ರಿ ಒಂಬತ್ತು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಹನ್ನೆರಡರ ಊಟ ಹಾಕುವವರು ಯಾರು ಎಂಬ ಚಿಂತೆ ಅವರಿಗೆ ಹತ್ತಿತು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು ಮರಿಯನ್ನು ಮಡಿಲಿಗೆ ಎತ್ತಿಕೊಂಡಳು. "ಮಧ್ಯಾಹ್ನದ್ದು ನಾನು ಹಾಕ್ತೀನಿ ಬುಡ್ರಪ್ಪ, ಎಷ್ಟು ಗ್ರಾಂ ಅಂತ ಬರ್ಕೊಟ್ಟು ಹೋಗಿ" ಎಂದಳು.