ಮೀನು ತಿಂದು ಮೊಸರು ಉಂಡರೆ ತೊನ್ನು ಬರುತ್ತದೆಯೇ?

‘ಮೀನಿನ ಊಟದ ಮೇಲೆ ಹಾಲು, ಮೊಸರು ಸೇವಿಸಿದರೆ ತೊನ್ನು ಖಚಿತ’ ಎಂಬ ಸಂದೇಶ ಕಾರವಾರದ ಮೊಬೈಲ್‌ಗಳಲ್ಲೂ ಹರಿದಾಡುತ್ತಿದೆ. ಇದು ಸುಳ್ಳು.

ರೋಗನಿರೋಧಕ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶ ಮಾಡಿದಾಗ ತೊನ್ನು ಮೂಡುತ್ತದೆ. ಅದು ಅಂಟುರೋಗವೂ ಅಲ್ಲ. ಬಂಗಾಳದಲ್ಲಂತೂ ಮೀನನ್ನು ಮೊಸರಿನಲ್ಲೇ ಬೇಯಿಸುತ್ತಾರೆ. ತೊನ್ನು ಇರುವವರು ‘ತಿನ್ನಬಾರದ್ದನ್ನು ತಿಂದರು’ ಎಂಬ ಆರೋಪವನ್ನೂ ಹೊರಬೇಕಾಗುತ್ತದೆ ಎಂಬುದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ.

ಹಾಗಾದರೆ ಬಂಗಡೆ ತಿಂದ ಸ್ವಲ್ಪ ಹೊತ್ತಿಗೇ ಕೆಲವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುವುದೇಕೆ? ಕೆಲವೊಮ್ಮೆ ಅದು ಮೀನಿನ ಅಲರ್ಜಿ. ಆದರೆ ಅನೇಕ ಸಲ ಕಾರಣ ಹಿಸ್ಟಮಿನ್, ಅಂದರೆ ಅಲರ್ಜಿಯಂಥದೇ ಲಕ್ಷಣಗಳನ್ನು ತರುವ ರಾಸಾಯನಿಕ. ಬಂಗಡೆ, ತಾರ್ಲೆ, ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳವಾಗಿದೆ. ಹಿಡಿದ ಮೀನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಈ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಉಂಟಾದ ಮೇಲೆ ಕುದಿಸಿದರೂ, ಹುರಿದರೂ, ಉಪ್ಪು ಹಾಕಿದರೂ, ಫ್ರಿಜ್‌ನಲ್ಲಿಟ್ಟರೂ ಅದು ನಾಶವಾಗುವುದಿಲ್ಲ. ಮುರುಗಲು ಹುಳಿಯಿಂದಲೂ ಹೋಗದು. ವಾಸನೆಯಲ್ಲಿ ಸುಳಿವು ಸಿಗಲೇಬೇಕೆಂದೂ ಇಲ್ಲ. ಊಟದ ಕೊನೆಗೆ ಮೊಸರು ಉಂಡಿದ್ದರೆ ತಪ್ಪು ಅದರ ಮೇಲೆ ಬೀಳುತ್ತದೆ, ಅಷ್ಟೇ.

ಆದ್ದರಿಂದ ಮಾರುಕಟ್ಟೆಯಲ್ಲಿ ಬುಟ್ಟಿಯಲ್ಲಿ ಮಂಜುಗಡ್ಡೆ ಇದೆಯೇ ನೋಡಿ, ಮನೆಗೆ ತಂದ ಕೂಡಲೇ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಿ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಗಂಟಲು ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.