ದಯವಿಟ್ಟು ‘ಪಾಪ’ ಅನ್ನಬೇಡಿ

ಇವತ್ತು ಮಾನ್ವಿ ರಸ್ತೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಆ ಮನೆಯ ವೈರಿಂಗ್ ನಮ್ಮದೇ. ಊಟದ ಪಂಕ್ತಿಯಲ್ಲಿ ಯಜಮಾನರು ಪಕ್ಕದವರಿಗೆ ನನ್ನನ್ನು ತೋರಿಸಿ ಹೇಳಿದರು: ‘ಪಾಪ, ಇಂಜಿನಿಯರಿಂಗ್ ಓದ್ಯಾನ್ರೀ. ಬೆಂಗಳೂರಾಗಿನ ನೌಕರಿ ಬಿಟ್ಟು ಬಂದು ಈಗ ಕರೆಂಟಿನ ಕೆಲಸ ಮಾಡ್ತಾನ.’

ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಅವರು ಕೆಟ್ಟವರಲ್ಲ. ಒಂದು ರೂಪಾಯಿ ಬಾಕಿ ಇಡದೆ ಬಿಲ್ ಕೊಟ್ಟವರು. ಆದರೆ ಆ ‘ಪಾಪ’ವನ್ನು ಐದು ವರ್ಷದಿಂದ ಕೇಳುತ್ತಿದ್ದೇನೆ.

ಅದೇ ಮನೆಯ ಮಾತು ಹೇಳುತ್ತೇನೆ. ಜಾಗ ಎರೆ ಭೂಮಿ. ಮಳೆಗಾಲದಲ್ಲಿ ಅರ್ಥಿಂಗ್, ಅಂದರೆ ಸೋರಿದ ಕರೆಂಟು ನೆಲಕ್ಕಿಳಿಯುವ ದಾರಿ, ಅಳೆದರೆ ಎಲ್ಲ ಸರಿಯಾಗಿಯೇ ಇರುತ್ತದೆ. ನಮ್ಮ ರಾಯಚೂರಿನ ಬೇಸಿಗೆಗೆ ಅದೇ ಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಮಣ್ಣಿನ ತಡೆ, ಏರುತ್ತದೆ. ಕೂಲರಿನ ತಗಡಿನ ಮೈಗೆ ಕರೆಂಟು ಬಂದರೆ ನೆಲಕ್ಕಿಳಿಯಲು ಸರಿಯಾದ ದಾರಿ ಇರುವುದಿಲ್ಲ. ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಕೂಲರ್ ಜಾಸ್ತಿ ಓಡುವುದೂ ಆಗಲೇ ಅಲ್ವಾ? ಬೋರ್ಡಿನಲ್ಲಿ ತಾನೇ ಬೀಳುವ ಸ್ವಿಚ್, ಎಂಸಿಬಿ ಇದೆಯಲ್ಲ ಅಂತಾರೆ. ಅದು ಬೀಳುವುದು ಲೋಡ್ ಜಾಸ್ತಿಯಾದಾಗ, ಶಾರ್ಟ್ ಆದಾಗ. ಒಬ್ಬ ಮನುಷ್ಯನ ಜೀವ ತೆಗೆಯುವಷ್ಟು ಕರೆಂಟು 16 ಆಂಪಿಯರ್ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಆರ್‌ಸಿಸಿಬಿ ಬೇಕು. ಫೇಸ್‌ನಲ್ಲಿ ಹೋದದ್ದಕ್ಕೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ, ಕರೆಂಟು ಎಲ್ಲೋ ಸೋರುತ್ತಿದೆ ಅಂತ ಅದು ಲೈನ್ ಕಡಿದುಬಿಡುತ್ತದೆ. ಯಜಮಾನರು ಸುಮ್ನೆ ಖರ್ಚು, ಬೇಡ ಅಂದಿದ್ದರು. ಮೂರು ಸಲ ಹೋಗಿ ಕೂತು, ಹೇಳಿ ಹೇಳಿ ಹಾಕಿಸಿದೆ. ಓದಿದ್ದು ದಂಡವಾದದ್ದು ಎಲ್ಲಿ?

ಬೆಂಗಳೂರಿನಲ್ಲಿ ನಾಲ್ಕು ವರ್ಷ ಡ್ರಾಯಿಂಗ್ ಹಾಕಿದೆ. ಅರ್ಥಿಂಗ್‌ಗೆ ತೋಡುವ ಗುಂಡಿ, ಅರ್ಥ್ ಪಿಟ್, ಅಂದರೆ ಕಂಪ್ಯೂಟರಿನಲ್ಲಿ ಒಂದು ಚೌಕ, ಅಷ್ಟೇ. ಇದ್ದಿಲು, ಉಪ್ಪು ತುಂಬುವುದನ್ನು ಒಂದು ಸಲವೂ ನಿಂತು ನೋಡಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಆಗ ಯಾರೂ ‘ಪಾಪ’ ಅನ್ನಲಿಲ್ಲ.

ತಿಂಗಳ ಸಂಬಳ ಹೋಯಿತಲ್ಲ ಅಂತೀರಿ. ಹೌದು. ಒಂದು ಅಕ್ಕಿ ಮಿಲ್ಲಿನ ದುಡ್ಡು ಏಳು ತಿಂಗಳು ನಿಂತಾಗ ಹುಡುಗರ ಪಗಾರಕ್ಕೆ ಹೆಂಡತಿಯ ಬಳೆ ಗಿರವಿ ಇಟ್ಟಿದ್ದೇನೆ. ಆದರೆ ಅದು ವ್ಯಾಪಾರದ ಕಷ್ಟ. ಕಿರಾಣಿ ಅಂಗಡಿಯವರಿಗೂ ಇದೆ. ಅವರಿಗೆ ಯಾರೂ ‘ಪಾಪ’ ಅನ್ನುವುದಿಲ್ಲ. ಇಲ್ಲೇ ಶಕ್ತಿನಗರದಲ್ಲಿ 1985ರಿಂದ ಕರೆಂಟು ತಯಾರಾಗುತ್ತಿದೆ. ಅಲ್ಲಿ ನನಗೆ ನೌಕರಿ ಸಿಕ್ಕಿದ್ದರೆ ಇದೇ ಜನ ಹೆಮ್ಮೆ ಪಡುತ್ತಿದ್ದರು. ಮನೆಯೊಳಗೆ ಬರುವುದೂ ಅದೇ ಕರೆಂಟು. ಅದು ಯಾರ ಜೀವವನ್ನೂ ತೆಗೆಯಬಾರದು ಅಂತಲೇ ನಾನು ಗೋಡೆ ಕೊರೆಯುತ್ತಿದ್ದೇನೆ.

ನಿಜವಾಗಿ ನೋಯುವುದು ಬೇರೆ. ಮದುವೆ ಮನೆಗಳಲ್ಲಿ ಅವ್ವ ‘ಮಗ ಇಂಜಿನಿಯರ್’ ಅಂತ ಹೇಳಿ ಅಲ್ಲಿಗೇ ಮಾತು ನಿಲ್ಲಿಸುತ್ತಾಳೆ.

ಇವತ್ತು ಬಂದವನೇ ಅವಳನ್ನು ಮೀಟರ್ ಬೋರ್ಡಿನ ಹತ್ತಿರ ಕರೆದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಅವಳ ಕೈಯಿಂದಲೇ ಒತ್ತಿಸಿದೆ. ಟಕ್ ಅಂತ ಬಿತ್ತು, ಫ್ಯಾನು ನಿಂತಿತು. ‘ಇದು ಏನ್ ಮಾಡ್ತೈತಿ?’ ಅಂದಳು. ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ನಿಮ್ ಚಿಗವ್ವನ ಮನ್ಯಾಗ ಇದು ಐತೇನು?’

ಇಲ್ಲ. ನಾಳೆ ಬೆಳಿಗ್ಗೆ ಅಲ್ಲಿಗೇ ಹೋಗುತ್ತಿದ್ದೇನೆ.